ಒಂದೇ ದ್ರಾಕ್ಷಿ, ಹಲವು ವೈನು

ಕೋಗಳಿ ಸೀಮೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳಿಗೆ ಬರಗಾಲ ಹೊಸದಲ್ಲ. ಬಿಸಿಲು, ಬಿರುಗಾಳಿ, ನೀರಿನ ಕೊರತೆ ಎಲ್ಲವನ್ನೂ ತಾಳಿಕೊಳ್ಳುವ ಕಪ್ಪು ದ್ರಾಕ್ಷಿಯ ತಳಿಯೊಂದು ಯೂರೋಪಿನಲ್ಲಿದೆ. ಸ್ಪೇನಿನಲ್ಲಿ ಅದರ ಹೆಸರು ಗಾರ್ನಾಚಾ, ಫ್ರಾನ್ಸಿನಲ್ಲಿ ಗ್ರೆನಾಶ್.

ಇದರ ವೈನು ಮಾತ್ರ ಒಂದೇ ಬಗೆಯದಲ್ಲ. ಏಕೆ? ಉತ್ತರ ರಸಾಯನಶಾಸ್ತ್ರದಲ್ಲಿದೆ. ಬಣ್ಣವಿರುವುದು ರಸದಲ್ಲಲ್ಲ, ಸಿಪ್ಪೆಯಲ್ಲಿ. ಸಿಪ್ಪೆಯೊಡನೆ ರಸ ಕೆಲವೇ ಗಂಟೆ ಇದ್ದರೆ ಗುಲಾಬಿ ಬಣ್ಣದ ‘ರೋಸೆ’. ದಿನಗಟ್ಟಲೆ ಹುದುಗಿದರೆ ಕೆಂಪು ವೈನು. ಯೀಸ್ಟ್ ಸಕ್ಕರೆಯನ್ನು ಆಲ್ಕೊಹಾಲ್ ಆಗಿಸುತ್ತಿರುವಾಗಲೇ ಮದ್ಯಸಾರ ಬೆರೆಸಿದರೆ ಯೀಸ್ಟ್ ಸಾಯುತ್ತದೆ, ಸಿಹಿ ಉಳಿಯುತ್ತದೆ. ದಕ್ಷಿಣ ಫ್ರಾನ್ಸಿನ ಬಾನ್ಯುಲ್ಸ್ ಎಂಬ ಸಿಹಿ ವೈನು ತಯಾರಾಗುವುದು ಹೀಗೆ.

ಕೋಗಳಿಯ ನೆರೆಯ ಕೊಪ್ಪಳ ಜಿಲ್ಲೆಯಲ್ಲೂ ಈಗ ವೈನ್ ದ್ರಾಕ್ಷಿ ಇದೆ. ಅಲ್ಲಿನ ಕೃಸ್ಮಾ ತೋಟದಲ್ಲಿ ಕ್ಯಾಬರ್ನೆ ಸಾವಿನ್ಯಾನ್, ಸಾಂಜಿಯೊವೇಸೆ ತಳಿಗಳು ಬೆಳೆಯುತ್ತಿವೆ. ರಾಜ್ಯ ಸರ್ಕಾರ ವೈನ್ ನೀತಿ ತಂದದ್ದು 2007ರಲ್ಲಿ. ಆದರೆ ರೈತ ಅವಸರಪಡುವಂತಿಲ್ಲ. ಬಳ್ಳಿ ಫಲ ಕೊಡಲು ಎರಡು-ಮೂರು ವರ್ಷ ಬೇಕು. ಬೀಜ ತುಂಬಿದ ಈ ಸಣ್ಣ ಹಣ್ಣು ಸಂತೆಯಲ್ಲಿ ಬಿಕರಿಯಾಗದು. ಸಸಿ ನೆಡುವ ಮುನ್ನವೇ ಕೊಳ್ಳುವವರು ಗೊತ್ತಿರಬೇಕು.

ತಳಿ, ಮಣ್ಣು, ಮಾರುಕಟ್ಟೆ ಮೂರನ್ನೂ ಬಲ್ಲ ತರುಣರು ಇಂಥ ಒಣಸೀಮೆಗೆ ಬೇಕು. ಆ ವಿದ್ಯೆ ಕಲಿಯಲು 2008ರಲ್ಲಿ ಸ್ಥಾಪನೆಯಾದ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ವೈನು ಕುಡಿಯಬೇಕಾಗಿಲ್ಲ, ಅದರ ಹಿಂದಿನ ವಿಜ್ಞಾನ ಅರಿತರೆ ಸಾಕು.