ಟೋಪಿ ತೆಗೆಯದೆ ಕೂರುವ ಕಾರು

1967ರ ಬೇಸಿಗೆ. ಧಾರವಾಡದಿಂದ ಹೊರಟು, ನಡುವೆ ಗಾಡಿ ಬದಲಿಸಿ, ದಾದರ್ ಸ್ಟೇಷನ್ನಿನಲ್ಲಿ ಇಳಿದಾಗ ನಾವು ಏಳು ಮಂದಿ. ಜೊತೆಗೆ ಎರಡು ತಗಡಿನ ಟ್ರಂಕು, ಒಂದು ಹಾಸಿಗೆ ಸುರುಳಿ, ಒಂದು ಚೀಲ ಜೋಳದ ಹಿಟ್ಟು. ಕರೆದೊಯ್ಯಲು ಬಂದಿದ್ದ ಕಾಕಾ ಎದುರಿಗೆ ಬಂದು ನಿಂತ ಎರಡು ಫಿಯೆಟ್ ಟ್ಯಾಕ್ಸಿಗಳನ್ನು ಕೈಬೀಸಿ ಕಳಿಸಿಬಿಟ್ಟರು. "ತಡೀರಿ, ಡಾಜ್ ಬರ್ಲಿ. ಎಲ್ಲಾರೂ ಒಂದರಾಗ ಹೋಗೋಣು" ಅಂದರು.

ಸ್ವಲ್ಪ ಹೊತ್ತಿಗೆ ಬಂತು. ಗುಂಡಗಿನ ಬೆನ್ನು, ಅಗಲವಾದ ಮೂತಿ, ಸ್ಟೀರಿಂಗ್ ಕಂಬಕ್ಕೇ ಅಂಟಿಕೊಂಡಿದ್ದ ಗೇರು. ಮುಂದಿನ ಸೀಟು ನಮ್ಮೂರಿನ ಪಡಸಾಲೆಯ ಬೆಂಚಿನ ಹಾಗೆ ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ. ಟ್ರಂಕುಗಳು ಮೇಲೇರಿದವು, ನಾವು ಒಳಗೆ ತುಂಬಿಕೊಂಡೆವು. ಅಜ್ಜನ ತಲೆಯ ಮೇಲಿನ ರುಮಾಲು ಚಾವಣಿಗೆ ತಾಗಲಿಲ್ಲ. ಮಾಟುಂಗಾದವರೆಗೆ ಅಜ್ಜ ಅದನ್ನೇ ಎರಡು ಸಲ ಹೇಳಿದರು.

ಬಾನೆಟ್ಟಿನ ಮೇಲೆ ಡಾಜ್ ಎಂದು ಬರೆದಿದ್ದ ಆ ಕಾರು ನಿಜದಲ್ಲಿ ಡಾಜ್ ಅಲ್ಲ ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು. ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ಪ್ಲಿಮತ್ ಕಾರಿನ ಮೂತಿಯನ್ನು ಅಷ್ಟಿಷ್ಟು ತಿದ್ದಿ ಹೊರದೇಶಗಳಲ್ಲಿ ಡಾಜ್ ಕಿಂಗ್ಸ್‌ವೇ ಎಂದೂ ಡಿಸೋಟೋ ಡಿಪ್ಲೊಮ್ಯಾಟ್ ಎಂದೂ ಮಾರುತ್ತಿತ್ತು. ಒಂದೇ ಹಿಟ್ಟಿನ ಮೂರು ದೋಸೆ. ಮುಂಬಯಿಯ ಬೀದಿಗಳಲ್ಲಿ ಮೂರೂ ಓಡಿದವು. ಹಾಗಾಗಿ ಕಾಕಾನ ಡಾಜಿನ ಕತೆ ಹೇಳಬೇಕೆಂದರೆ ಪ್ಲಿಮತ್ ಕತೆಯನ್ನೇ ಹೇಳಬೇಕು.

ಪ್ಲಿಮತ್ ಹುಟ್ಟಿಸಿದ ವಾಲ್ಟರ್ ಕ್ರೈಸ್ಲರ್ ರೈಲ್ವೆ ವರ್ಕ್‌ಶಾಪಿನಿಂದ ಮೇಲೆ ಬಂದವನು. 1908ರಲ್ಲಿ ಷಿಕಾಗೋದ ಕಾರು ಪ್ರದರ್ಶನದಲ್ಲಿ ಲೋಕೊಮೊಬೈಲ್ ಎಂಬ ಕಾರಿನ ಮೇಲೆ ಅವನ ಕಣ್ಣು ಬಿತ್ತು. ಬೆಲೆ 5000 ಡಾಲರ್, ಕೈಯಲ್ಲಿದ್ದ ಉಳಿತಾಯ 700. ಉಳಿದದ್ದಕ್ಕೆ ಸಾಲ ಮಾಡಿ ಕೊಂಡು ಮನೆಗೆ ತಂದ. ಹೆಂಡತಿ ಸುತ್ತಾಡಿಸುತ್ತಾನೆಂದು ಕಾದರೆ ಈತ ಅದನ್ನು ಕೊಟ್ಟಿಗೆಗೆ ಹಾಕಿ ನಟ್ಟು ಬೋಲ್ಟು ಬಿಚ್ಚಿ ಹರವಿಕೊಂಡು ಕೂತ. ಬಿಚ್ಚುವುದು, ಜೋಡಿಸುವುದು, ಮತ್ತೆ ಬಿಚ್ಚುವುದು. ತಿಂಗಳುಗಳ ಕಾಲ ಹೀಗೆ ನಡೆದ ಮೇಲೆಯೇ ಕಾರು ಬೀದಿಗೆ ಇಳಿದದ್ದು. ಆ ಹೆಂಗಸಿನ ತಾಳ್ಮೆಗೆ ಯಾರೂ ಪದಕ ಕೊಟ್ಟ ಹಾಗೆ ಕಾಣೆ.

ಇಪ್ಪತ್ತು ವರ್ಷದ ನಂತರ, 1928ರಲ್ಲಿ, ಅದೇ ಮನುಷ್ಯ ತನ್ನದೇ ಕಂಪನಿಯಿಂದ ಪ್ಲಿಮತ್ ಹೊರತಂದ. ಆಗ ಸಾಮಾನ್ಯ ಜನರ ಕಾರು ಎಂದರೆ ಫೋರ್ಡ್, ಇಲ್ಲವೇ ಷೆವ್ರೋಲೆ. ಪ್ಲಿಮತ್ ಅವೆರಡಕ್ಕಿಂತ ಕೊಂಚ ದುಬಾರಿ. ಆ ಹೆಚ್ಚಿನ ಹಣಕ್ಕೆ ಸಿಗುತ್ತಿದ್ದದ್ದು ಕಣ್ಣಿಗೆ ಕಾಣುವಂಥದ್ದಲ್ಲ, ಬ್ರೇಕು. ಆಗಿನ ಅಗ್ಗದ ಕಾರುಗಳಲ್ಲಿ ಪೆಡಲ್ ತುಳಿದರೆ ಸಲಾಕೆ, ತಂತಿಗಳು ಎಳೆದು ಚಕ್ರ ಹಿಡಿಯಬೇಕಿತ್ತು. ಒಂದು ತಂತಿ ಸಡಿಲವಾದರೂ ಒಂದು ಚಕ್ರ ಮೊದಲು ಹಿಡಿದು ಗಾಡಿ ಪಕ್ಕಕ್ಕೆ ಹೊರಳುತ್ತಿತ್ತು. ಪ್ಲಿಮತ್‌ನಲ್ಲಿ ಮೊದಲ ದಿನದಿಂದ ಹೈಡ್ರಾಲಿಕ್ ಬ್ರೇಕು. ಕೊಳವೆಯೊಳಗಿನ ಎಣ್ಣೆ ನಾಲ್ಕು ಚಕ್ರಕ್ಕೂ ಒತ್ತಡ ಮುಟ್ಟಿಸುತ್ತದೆ. ಫೋರ್ಡ್ ಈ ದಾರಿಗೆ ಬಂದದ್ದು 1939ರಲ್ಲಿ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಇಳಿಜಾರಿನಲ್ಲಿ ಬರುವವನಿಗೆ ಈ ಹನ್ನೊಂದು ವರ್ಷದ ಅಂತರ ಸಣ್ಣದಲ್ಲ.

1931ರಲ್ಲಿ ಇನ್ನೊಂದು ಮಾಡಿದರು. ನಾಲ್ಕು ಸಿಲಿಂಡರಿನ ಎಂಜಿನ್ನು ಸ್ವಭಾವತಃ ನಡುಗುತ್ತದೆ. ಅದನ್ನು ಚಾಸಿಗೆ ಬಿಗಿಯಾಗಿ ಬೋಲ್ಟು ಹಾಕಿದರೆ ಕೂತವರ ಹಲ್ಲು ಕಟಕಟ. ಕ್ರೈಸ್ಲರ್ ಎಂಜಿನಿಯರುಗಳು ಎಂಜಿನ್ನನ್ನು ರಬ್ಬರಿನ ಮೇಲೆ, ಅದು ತನ್ನ ಪಾಡಿಗೆ ತಾನು ತೂಗಾಡುವ ಹಾಗೆ, ಲೆಕ್ಕ ಹಾಕಿ ಕೂರಿಸಿದರು. ತೊಟ್ಟಿಲು ಅಲುಗಿದರೂ ಮನೆ ಅಲುಗದಲ್ಲ, ಹಾಗೆ. ಫ್ರಾನ್ಸಿನ ಸಿಟ್ರೊಯೆನ್ ಕಂಪನಿ ಈ ವಿದ್ಯೆಯ ಹಕ್ಕನ್ನು ಹಣ ಕೊಟ್ಟು ಪಡೆಯಿತು.

ಅಮೆರಿಕಕ್ಕೆ ಆಗ ಮಹಾ ಆರ್ಥಿಕ ಕುಸಿತದ ಕಾಲ. ಕಂಪನಿಗಳು ಸಾಲಾಗಿ ಬಾಗಿಲು ಹಾಕುತ್ತಿದ್ದವು. 1932ರಲ್ಲಿ ಕ್ರೈಸ್ಲರ್ ತಾನೇ ಪತ್ರಿಕೆಯ ಜಾಹೀರಾತಿನಲ್ಲಿ ನಿಂತು, ಕೊಳ್ಳುವ ಮೊದಲು ಮೂರನ್ನೂ ನೋಡಿ ಎಂದ. ತನ್ನ ಕಾರನ್ನೇ ಕೊಳ್ಳಿ ಎನ್ನದೆ ಎದುರಾಳಿಗಳದ್ದನ್ನೂ ನೋಡಿ ಬನ್ನಿ ಎನ್ನುವ ವ್ಯಾಪಾರಿಯನ್ನು ಜನ ನಂಬಿದರು. ಡಾಜ್, ಡಿಸೋಟೋ, ಕ್ರೈಸ್ಲರ್ ಅಂಗಡಿಗಳಲ್ಲೆಲ್ಲ ಪ್ಲಿಮತ್ ಸಿಗುತ್ತಿದ್ದದ್ದೂ ಕೈಹಿಡಿಯಿತು. 1934ರಲ್ಲಿ ಹತ್ತು ಲಕ್ಷದ ಪ್ಲಿಮತ್ ತಯಾರಾದಾಗ ಅದನ್ನು ಕೊಂಡವಳು ಕ್ಯಾಲಿಫೋರ್ನಿಯಾದ ಒಬ್ಬ ಮಹಿಳೆ. ಮೊಟ್ಟಮೊದಲ ಪ್ಲಿಮತ್ ಕೊಂಡಿದ್ದವಳೂ ಆಕೆಯೇ. ಹಳೆಯದನ್ನು ತಾನೇ ಓಡಿಸಿಕೊಂಡು ಷಿಕಾಗೋಗೆ ಬಂದು, ಕೊಟ್ಟು, ಹೊಸದನ್ನು ಪಡೆದಳು.

ಅದರ ಮರುವರ್ಷ, 1935ರಲ್ಲಿ, ಎಪ್ಪತ್ತು ದಾಟಿದ್ದ ನಮ್ಮವರೊಬ್ಬರು ಯುರೋಪು ಮತ್ತು ಅಮೆರಿಕದ ಕಾರು ಕಾರ್ಖಾನೆಗಳನ್ನು ಸುತ್ತಿ ಬಂದರು. ಸರ್ ಎಂ. ವಿಶ್ವೇಶ್ವರಯ್ಯ. ಅವರನ್ನು ನಾವು ಕನ್ನಂಬಾಡಿಯ ಜೊತೆ ನೆನೆಯುತ್ತೇವೆ, ಕಾರಿನ ಜೊತೆ ನೆನೆಯುವುದಿಲ್ಲ. ಆದರೆ ಭಾರತದಲ್ಲೇ ಕಾರು ತಯಾರಾಗಬೇಕು ಎಂದು ಆ ವಯಸ್ಸಿನಲ್ಲಿ ಯೋಜನೆ ಬರೆದು, ಬಂಡವಾಳಗಾರರ ಮನೆ ಬಾಗಿಲು ತಟ್ಟಿ, ಸರ್ಕಾರಗಳಿಗೆ ಪತ್ರದ ಮೇಲೆ ಪತ್ರ ಬರೆದವರು ಅವರು. ಅವರ ಜೊತೆ ಸೇರಿದವರು ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದ್. ಫೋರ್ಡ್ ಜೊತೆಗಿನ ಮಾತುಕತೆ ಮುರಿದುಬಿದ್ದ ಮೇಲೆ ವಾಲ್‌ಚಂದ್ ಕ್ರೈಸ್ಲರ್ ಕಂಪನಿಯೊಂದಿಗೆ ಒಪ್ಪಂದಕ್ಕೆ ಬಂದರು. ಕಾರ್ಖಾನೆಯನ್ನು ಬೆಂಗಳೂರಿಗೆ ತರಲು ಮೈಸೂರು ಸರ್ಕಾರ ನೆರವಾಗಲು ಸಿದ್ಧವಿತ್ತು. ದೆಹಲಿಯ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಯುದ್ಧ ನಡೆಯುತ್ತಿರುವಾಗ ಕಾರೇನು ಎಂಬುದು ಮೇಲಿನ ಮಾತು. ಇಲ್ಲಿ ಕಾರು ತಯಾರಾದರೆ ಅಲ್ಲಿಂದ ಬರುವ ಕಾರುಗಳನ್ನು ಕೊಳ್ಳುವವರು ಯಾರು ಎಂಬುದು ಒಳಗಿನ ಮಾತು ಎಂದು ನನ್ನ ಅನಿಸಿಕೆ.

ಇಲ್ಲೊಂದು ತಮಾಷೆಯಿದೆ. 1939ರಲ್ಲಿ ಕಾರಿನ ಕೆಲಸಕ್ಕೆಂದು ಅಮೆರಿಕಕ್ಕೆ ಹೋಗಿದ್ದ ವಾಲ್‌ಚಂದ್‌ಗೆ ಮರಳುವ ವಿಮಾನದಲ್ಲಿ ವಿಲಿಯಂ ಪಾಲೆ ಎಂಬ ಸಹಪ್ರಯಾಣಿಕ ಸಿಕ್ಕ. ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದವನು. ಆ ಮಾತುಕತೆ ಬೆಳೆದು 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆಯಿತು, ಇಂದಿನ ಎಚ್‌ಎಎಲ್. ಮೈಸೂರು ಸರ್ಕಾರ ಜಾಗ ಕೊಟ್ಟಿತು, ಬಂಡವಾಳವನ್ನೂ ಹಾಕಿತು. ಯುದ್ಧಕ್ಕೆ ವಿಮಾನ ಬೇಕಿತ್ತಲ್ಲ, ಈ ಬಾರಿ ದೆಹಲಿ ಬೇಡ ಎನ್ನಲಿಲ್ಲ. ಕಾರು ಕೇಳಿದ ಬೆಂಗಳೂರಿಗೆ ವಿಮಾನ ಬಂತು, ಕಾರು ಮುಂಬಯಿಯಲ್ಲೇ ಉಳಿಯಿತು. 1944ರಲ್ಲಿ ವಾಲ್‌ಚಂದ್ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಸ್ವಾತಂತ್ರ್ಯದ ಹೊತ್ತಿಗೆ ಕುರ್ಲಾದ ಕಾರ್ಖಾನೆಯಲ್ಲಿ ಡೆಟ್ರಾಯಿಟ್‌ನಿಂದ ಪೆಟ್ಟಿಗೆಗಳಲ್ಲಿ ಬಂದ ಬಿಡಿಭಾಗಗಳನ್ನು ಜೋಡಿಸಿ ಕಾರು ಮಾಡುವ ಕೆಲಸ ಶುರುವಾಯಿತು. ಕುರ್ಲಾದಲ್ಲಿ ಪ್ರೀಮಿಯರ್ ರೋಡ್ ಎಂಬ ಹೆಸರು ಈಗಲೂ ಉಳಿದಿದೆ. ಅಲ್ಲಿ ಆಟೋ ಹಿಡಿಯುವವರಲ್ಲಿ ಎಷ್ಟು ಜನಕ್ಕೆ ಈ ಹಿಂದಿನ ಕತೆ ಗೊತ್ತೋ.

ಆಗ ಅಮೆರಿಕದಲ್ಲಿ ಕ್ರೈಸ್ಲರ್ ಕಂಪನಿಯ ಚುಕ್ಕಾಣಿ ಕೆ. ಟಿ. ಕೆಲರ್ ಕೈಯಲ್ಲಿತ್ತು. ಅವನೂ ಮೆಷಿನ್ನುಗಳ ನಡುವೆ ಬೆಳೆದವನು. ಗಂಡಸು ತಲೆಯ ಮೇಲಿನ ಹ್ಯಾಟು ತೆಗೆಯದೆ ಕಾರಿನಲ್ಲಿ ಕೂರುವಂತಿರಬೇಕು ಎಂಬುದು ಅವನ ಹಟ. ಯುದ್ಧ ಮುಗಿದು 1949ರಲ್ಲಿ ಹೊಸ ಮಾದರಿಗಳು ಬಂದಾಗ ಫೋರ್ಡ್ ತಗ್ಗಾಗಿ, ನುಣುಪಾಗಿ ಬಂತು. ಪ್ಲಿಮತ್ ಮಾತ್ರ ಎತ್ತರದ ಚಾವಣಿ, ಕುರ್ಚಿಯಷ್ಟು ಎತ್ತರದ ಸೀಟು ಇಟ್ಟುಕೊಂಡು ನೆಟ್ಟಗೆ ನಿಂತಿತು. ನಮ್ಮ ಅಜ್ಜನ ರುಮಾಲು ಉಳಿದದ್ದು ಕೆಲರ್ ಕೃಪೆಯಿಂದ.

ಬಾನೆಟ್ಟಿನ ಕೆಳಗಿದ್ದದ್ದು ಆರು ಸಿಲಿಂಡರಿನ ಫ್ಲಾಟ್‌ಹೆಡ್ ಎಂಜಿನ್ನು. ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲೇ ಬ್ಲಾಕಿನೊಳಗೆ ಇರುವುದರಿಂದ ಮೇಲಿನ ಮುಚ್ಚಳ ಬರೀ ಚಪ್ಪಟೆ ಲೋಹದ ಹಲಗೆ. ಓಟದಲ್ಲಿ ಚುರುಕಲ್ಲ, ಆದರೆ ಕೀಳು ದರ್ಜೆಯ ಪೆಟ್ರೋಲನ್ನೂ ಗೊಣಗದೆ ಕುಡಿಯುತ್ತಿತ್ತು, ಬೀದಿ ಬದಿಯಲ್ಲೇ ಬಿಚ್ಚಿ ಕಟ್ಟಬಹುದಿತ್ತು.

1954ರಲ್ಲಿ ಪ್ಲಿಮತ್ ಕಾರುಗಳನ್ನು ಮೂರು ದರ್ಜೆಗಳಾಗಿ ಮಾಡಿದರು: ಕೆಳಗೆ ಪ್ಲಾಜಾ, ನಡುವೆ ಸವಾಯ್, ಮೇಲೆ ಬೆಲ್ವೆಡೇರ್. ಹೆಸರು ಕೇಳಿದರೆ ಮೂರೂ ದೊಡ್ಡ ಹೋಟೆಲುಗಳು. (ನಮ್ಮ ಉಡುಪಿಯವರು ಹೆಸರಿಟ್ಟಿದ್ದರೆ ಬೇರೆ ಇರುತ್ತಿತ್ತು.) ಕಿಟಕಿಯ ಸುತ್ತ ತೀರ ಬಡಕಲೂ ಅಲ್ಲ, ಮೈತುಂಬ ಕ್ರೋಮಿಯಂ ಕೂಡ ಅಲ್ಲ ಎನ್ನುವ ನಡುಮನೆಯವರಿಗೆ ಸವಾಯ್. ನಮ್ಮಲ್ಲಿಗೆ ಪ್ಲಿಮತ್ ಹೆಸರಿನಲ್ಲೇ ಬಂದದ್ದೂ ಇದೇ.

ಆದರೆ ಅಮೆರಿಕದ ಜನ ಅಷ್ಟರಲ್ಲಿ ಬದಲಾಗಿದ್ದರು. ಹ್ಯಾಟು ಹಾಕುವ ಅಭ್ಯಾಸವೇ ಕಡಿಮೆಯಾಗುತ್ತಿತ್ತು. ಯುದ್ಧದಿಂದ ಮರಳಿದವರಿಗೆ ಕೆಲಸ ಸಿಕ್ಕಿತ್ತು, ಊರ ಹೊರಗೆ ಮನೆ ಆಗಿತ್ತು, ಪಕ್ಕದ ಮನೆಯವನು ನೋಡುವಂಥ ಕಾರು ಬೇಕಿತ್ತು. ವರ್ಷಾನುಗಟ್ಟಲೆ ಮೂರನೆಯ ಸ್ಥಾನದಲ್ಲಿದ್ದ ಪ್ಲಿಮತ್, 1954ರ ಮಾರಾಟದಲ್ಲಿ ಬ್ಯೂಕ್ ಮತ್ತು ಓಲ್ಡ್ಸ್‌ಮೊಬೈಲ್‌ಗಳ ಹಿಂದೆ ಐದಕ್ಕೆ ಕುಸಿಯಿತು. ಕಂಪನಿ ಬೆಚ್ಚಿತು. ವಿನ್ಯಾಸವನ್ನು ವರ್ಜಿಲ್ ಎಕ್ಸ್‌ನರ್ ಎಂಬ ಕಲಾವಿದನ ಕೈಗೆ ಪೂರ್ತಿ ಬಿಟ್ಟಿತು. 1957ರ ಮಾದರಿ ಬಂದಾಗ ಡೆಟ್ರಾಯಿಟ್‌ನ ಎದುರಾಳಿಗಳೇ ಬಾಯಿ ಬಿಟ್ಟು ನೋಡಿದರು. ನೆಲಕ್ಕೆ ಹತ್ತಿಕೊಂಡ ಮೈ, ತೆಳು ಚಾವಣಿ, ಹಿಂದೆ ಮೀನಿನ ರೆಕ್ಕೆಯಂತೆ ಮೇಲೆದ್ದ ಎರಡು ಬಾಲ. ಇದ್ದಕ್ಕಿದ್ದಂತೆ 1960 ಬಂದುಬಿಟ್ಟಿದೆ ಎಂದು ಜಾಹೀರಾತು ಸಾರಿತು. ಜನ ಮುಗಿಬಿದ್ದರು. ಮೂರನೆಯ ಸ್ಥಾನ ಮರಳಿತು.

ಕೊಂಡ ಮೇಲೆ ಮಳೆ ಬಂತು. ನೀರು ಒಳಗೆ ಸೋರಿತು. ಹೆಡ್‌ಲೈಟಿನ ಮೇಲಿನ ಹುಬ್ಬಿನಲ್ಲಿ ಕೆಸರು ಕೂತು ಬೇಗನೇ ತುಕ್ಕು ಹಿಡಿಯಿತು, ಬಾಗಿಲುಗಳು ಸರಿಯಾಗಿ ಕೂಡುತ್ತಿರಲಿಲ್ಲ. ಇನ್ನಷ್ಟು ಕಾಲ ಪರೀಕ್ಷಿಸಿ ಬಿಡಬೇಕಿದ್ದ ಕಾರನ್ನು ಅವಸರದಲ್ಲಿ ಹಿಂದಕ್ಕೆಳೆದು ತಂದಿದ್ದರು. ಮೇಲೆ ಥಳುಕು, ಒಳಗೆ ಹುಳುಕು. ವಿಪರ್ಯಾಸವೆಂದರೆ ಅದರ ಎಂಜಿನಿಯರಿಂಗ್ ಕೆಟ್ಟದ್ದಲ್ಲ. ಟಾರ್ಷನ್ ಬಾರ್ ಸಸ್ಪೆನ್ಷನ್‌ನಿಂದಾಗಿ ತಿರುವುಗಳಲ್ಲಿ ಅದು ಓಡುತ್ತಿದ್ದ ರೀತಿಗೆ ಸರಿಸಾಟಿ ಕಡಿಮೆ. ಕೆಟ್ಟದ್ದು ತಗಡಿನ ಕೆಲಸ, ಜೋಡಣೆ. ಬ್ರೇಕನ್ನು ನಂಬಿ ಕೊಂಡವರ ಮಕ್ಕಳು ಬಾಲ ನೋಡಿ ಕೊಂಡರು, ಮುಂದಿನ ಸಲ ಬೇರೆ ಅಂಗಡಿಗೆ ಹೋದರು. 1959ರಲ್ಲಿ ಪ್ಲಾಜಾ ಹೆಸರನ್ನು ಕೈಬಿಟ್ಟು ಸವಾಯ್‌ಯನ್ನು ಕೆಳಗಿನ ದರ್ಜೆಗೆ ಇಳಿಸಿದರು. ಪ್ಲಿಮತ್ ಹೇಗೋ 2001ರವರೆಗೆ ಉಸಿರಾಡಿತು.

ಮುಂಬಯಿಯಲ್ಲಿ ಹಳೆಯದು ಬಾಳಿತು, ಬೇರೆ ದಾರಿ ಇರಲಿಲ್ಲ. ಆಮದಿಗೆ ಕಡಿವಾಣ ಬಿದ್ದಿತ್ತು. ಪ್ರೀಮಿಯರ್ ಕೂಡ ಸಣ್ಣ ಫಿಯೆಟ್ ಕಡೆಗೆ ವಾಲಿತು. ಇದ್ದ ಡಾಜ್, ಪ್ಲಿಮತ್‌ಗಳನ್ನೇ ಜನ ಬಿಚ್ಚಿ ಕಟ್ಟಿ ಓಡಿಸಿದರು. ಪೆಟ್ರೋಲ್ ದುಬಾರಿಯಾದಾಗ ಡೀಸೆಲ್ ಎಂಜಿನ್ನು ಕೂರಿಸಿದರು. ನಾನು ಕಂಡ ಒಂದು ಟ್ಯಾಕ್ಸಿಯಲ್ಲಿ ಮೂಲದ್ದೆಂದು ಉಳಿದದ್ದು ಮೈ ಮತ್ತು ಸ್ಟೀರಿಂಗ್ ಚಕ್ರ. ಸ್ಟಾರ್ಟ್ ಮಾಡಿದರೆ ಹಿಟ್ಟಿನ ಗಿರಣಿಯ ಸದ್ದು. ವಾಲ್ಟರ್ ಕ್ರೈಸ್ಲರ್‌ನ ರಬ್ಬರ್ ಅದನ್ನು ತಡೆಯಲಾರದೆ ಕೈಚೆಲ್ಲಿತ್ತು.

ಇನ್ನೊಂದು ಪ್ಲಿಮತ್ ಮಾತ್ರ ಒಂದು ದಿನವೂ ದುಡಿಯಲಿಲ್ಲ. ಒಕ್ಲಹೋಮ ರಾಜ್ಯಕ್ಕೆ 50 ತುಂಬಿದ ಸಂಭ್ರಮಕ್ಕೆ 1957ರ ಜೂನ್ 15ರಂದು ಟಲ್ಸಾ ನಗರದವರು ಹೊಚ್ಚಹೊಸ ಬೆಲ್ವೆಡೇರ್ ಒಂದನ್ನು ನ್ಯಾಯಾಲಯದ ಅಂಗಳದಲ್ಲಿ ಕಾಂಕ್ರೀಟ್ ಗುಂಡಿ ಮಾಡಿ ಹೂತಿಟ್ಟರು. ಅಣುಬಾಂಬು ಬಿದ್ದರೂ ಗುಂಡಿ ಉಳಿಯುತ್ತದೆ ಎಂಬ ಭರವಸೆ. 50 ವರ್ಷದ ನಂತರ ಪೆಟ್ರೋಲ್ ಎಂಬುದೇ ಇಲ್ಲದಿದ್ದರೆ ಎಂದು ಡಿಕ್ಕಿಯಲ್ಲಿ ಪೆಟ್ರೋಲ್ ಡಬ್ಬಿ, ಎಂಜಿನ್ ಆಯಿಲ್, ಜೊತೆಗೆ ಬಿಯರ್. ಆ ಕಾಲದ ಹೆಂಗಸಿನ ಪರ್ಸಿನಲ್ಲಿ ಇರುವಂಥ ಲಿಪ್‌ಸ್ಟಿಕ್, ಹೇರ್‌ಪಿನ್ನುಗಳು, ಒಂದು ಪಾರ್ಕಿಂಗ್ ದಂಡದ ಚೀಟಿ ಡ್ಯಾಷ್‌ಬೋರ್ಡಿನ ಖಾನೆಯಲ್ಲಿ. 2007ರಲ್ಲಿ ಟಲ್ಸಾದ ಜನಸಂಖ್ಯೆ ಎಷ್ಟಿರುತ್ತದೆಂದು ಸರಿಯಾಗಿ ಊಹಿಸಿದವರಿಗೆ ಕಾರು ಬಹುಮಾನ.

2007ರ ಅದೇ ದಿನ ಸಾವಿರಾರು ಜನರ ಮುಂದೆ ಹೊದಿಕೆ ಬಿಚ್ಚಿದರು. ಅಣುಬಾಂಬು ಬಿದ್ದಿರಲಿಲ್ಲ, ನೀರು ನುಗ್ಗಿತ್ತು. ಮೈಯೆಲ್ಲ ಕೆಂಪು ತುಕ್ಕು, ಸೀಟು ಕರಗಿ ಕೆಸರು. ಊಹೆಯಲ್ಲಿ ಗೆದ್ದವನು ಅಷ್ಟರಲ್ಲಿ ತೀರಿಹೋಗಿದ್ದ. ಕಾರು ಬಂಧುಗಳ ಪಾಲಿಗೆ ಬಂತು. ತುಕ್ಕು ಬಿಡಿಸಲು ವರ್ಷಗಟ್ಟಲೆ ಹೆಣಗಿದ ಮೇಲೆ ಬಾಲಗಳ ಆಕಾರ ಕಂಡಿತು, ಓಡಿಸುವ ಮಾತು ಮಾತ್ರ ಯಾರೂ ಎತ್ತಲಿಲ್ಲ. ಈಗ ಅದು ಇಲಿನಾಯ್ ರಾಜ್ಯದ ಒಂದು ವಸ್ತುಸಂಗ್ರಹಾಲಯದಲ್ಲಿದೆ.