ರಾಟಿಯ ಮುಂದೆ ಕೂತವರು

ಇಳಕಲ್ ಸೀರೆಯ ಸೆರಗು ಒಡಲಿನ ಜತೆ ಹುಟ್ಟುವುದಿಲ್ಲ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿ ನೂಲಾದೀತು, ಊರವರು ‘ಚಮಕಾ’ ಎನ್ನುವ ಕೃತಕ ರೇಷ್ಮೆಯಾದೀತು, ಅಪ್ಪಟ ರೇಷ್ಮೆಯೂ ಆದೀತು. ಸೆರಗಿಗೆ ಮಾತ್ರ ಸಂಪ್ರದಾಯದ ಪ್ರಕಾರ ಕೆಂಪು ರೇಷ್ಮೆಯೇ ಬೇಕು. ಹಾಗಾಗಿ ಈ ಎರಡು ಹಾಸುಗಳ ಎಳೆ ಎಳೆಯನ್ನೂ ಕೊಂಡಿ ಹಾಕಿ ಒಂದಕ್ಕೊಂದು ಕೂಡಿಸಬೇಕು. ಸಾವಿರಾರು ಎಳೆ, ಸಾವಿರಾರು ಕೊಂಡಿ. ಒಂದು ತಪ್ಪಿದರೆ ಅಲ್ಲಿಂದ ಮುಂದೆ ಸೆರಗಿನುದ್ದಕ್ಕೂ ಗೆರೆ ಬೀಳುತ್ತದೆ. ಟೋಪ ತೆನಿ ಸೆರಗು ಎಂದು ಜಗತ್ತು ಕೊಂಡಾಡುವ ಸೀರೆಯ ಗುಟ್ಟು ಈ ಕೊಂಡಿಗಳಲ್ಲಿದೆ. ಹೊಸ ಸೀರೆ ಕೊಳ್ಳುವಾಗ ಒಡಲು ಮತ್ತು ಸೆರಗು ಕೂಡುವ ಜಾಗದಲ್ಲಿ ಬೆರಳಾಡಿಸಿ ನೋಡಿ. ಸಣ್ಣದೊಂದು ಏಣು ತಾಗಬೇಕು.

ಕೊಂಡಿ ಹಾಕುವುದನ್ನು ನೋಡಬೇಕೆಂದೇ ಇಳಕಲ್ಲಿಗೆ ಹೋದವನು ನಾನು. ನೋಡಿದೆ ಕೂಡ. ಆದರೆ ಆ ಮನೆಯಲ್ಲಿ ಕಣ್ಣು ಸೆಳೆದದ್ದು ಬೇರೆಯೇ. ಮಗ್ಗದ ಕೋಣೆಯ ಹೊರಗೆ, ಪಡಸಾಲೆಯ ಮೂಲೆಯಲ್ಲಿ, ಒಬ್ಬ ಅಜ್ಜಿ ಕಂಡಿಕಿ ಸುತ್ತುತ್ತಿದ್ದರು. ಹಳೆಯ ಸೈಕಲ್ ಗಾಲಿಗೆ ಹಿಡಿಕೆ ಕೂಡಿಸಿ ಮಾಡಿದ ರಾಟಿ. ಬಲಗೈ ಗಾಲಿ ತಿರುಗಿಸುತ್ತದೆ, ಎಡಗೈಯ ಎರಡು ಬೆರಳ ನಡುವೆ ನೂಲು ಹರಿದುಬಂದು ಬೆರಳುದ್ದದ ಕಡ್ಡಿಗೆ ಸುತ್ತಿಕೊಳ್ಳುತ್ತದೆ. ಸುತ್ತಿ ಮುಗಿದದ್ದು ಲಾಳಿಯ ಹೊಟ್ಟೆ ಸೇರುತ್ತದೆ. ಲಾಳಿ ಅತ್ತಿಂದಿತ್ತ ಓಡಿದಂತೆ ಬಿಚ್ಚಿಕೊಳ್ಳುವ ಹೊಕ್ಕು ಅದು.

ಇದರಲ್ಲೇನು ಮಹಾ ಎನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಅಜ್ಜಿ ಒಂದು ಕಂಡಿಕಿ ಕೈಗೆ ಕೊಟ್ಟು ಒತ್ತಿ ನೋಡಲು ಹೇಳಿದರು. ಗಟ್ಟಿಯಾಗಿತ್ತು, ಆದರೆ ಬಿಗಿದ ಗಟ್ಟಿ ಅಲ್ಲ. ಸಡಿಲ ಸುತ್ತಿದರೆ ಲಾಳಿ ಓಡುವಾಗ ನೂಲು ಗೊಂಚಲಾಗಿ ಕಳಚುತ್ತದೆ. ಬಿಗಿ ಸುತ್ತಿದರೆ ಹರಿಯುತ್ತದೆ. ತುದಿಯಲ್ಲಿ ತೆಳು, ನಡುವೆ ತುಸು ದಪ್ಪ, ಮತ್ತೆ ತೆಳು. ಹೀಗಿರದಿದ್ದರೆ ಮಗ್ಗ ಮೇಲಿಂದ ಮೇಲೆ ನಿಲ್ಲುತ್ತದೆ. ನೇಯುವವನ ಇಡೀ ದಿನದ ಓಟ ಪಡಸಾಲೆಯ ಈ ಎರಡು ಬೆರಳಿನಲ್ಲಿದೆ.

“ಕಣ್ಣು ಮಂಜಾಗ್ಯಾವ ತಮ್ಮಾ. ಆದ್ರ ನೂಲು ಹರಿಯೂದು ಬೆರಳಿಗಿ ಮೊದಲ ಗೊತ್ತಾಗತೈತಿ,” ಎಂದರು.

ಎಷ್ಟು ವರ್ಷದಿಂದ ನೇಕಾರಿಕೆ ಮಾಡುತ್ತಿದ್ದೀರಿ ಎಂದು ಕೇಳಿದ್ದಕ್ಕೆ ನಕ್ಕುಬಿಟ್ಟರು. “ನಾ ಎಲ್ಲಿ ನೇಕಾರಿಕಿ ಮಾಡೇನಿ? ನೇಯಾಂವ ನನ್ನ ಮಗ. ಅವನ ಮದಲ ಅವರಪ್ಪ ನೇಯತಿದ್ರು. ನಾ ಬರೇ ಕಂಡಿಕಿ ಸುತ್ತತೀನಿ.” ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಸುತ್ತುತ್ತಿದ್ದಾರೆ. ಬಸುರಿಯಿದ್ದಾಗ ಸುತ್ತಿದ್ದಾರೆ, ತೊಟ್ಟಿಲ ಹಗ್ಗ ಕಾಲಿಗೆ ಕಟ್ಟಿಕೊಂಡು ಸುತ್ತಿದ್ದಾರೆ. ರೊಟ್ಟಿ ಬಡಿದು, ಬಾಂಡೆ ತಿಕ್ಕಿ, ನೀರು ತುಂಬಿದ ಮೇಲೆ ಉಳಿದ ಹೊತ್ತೆಲ್ಲ ಅದೇ. ಅದಕ್ಕೆ ಬೇರೆ ಕೂಲಿ ಎಂದು ಯಾರೂ ಕೊಟ್ಟಿಲ್ಲ, ಇವರೂ ಕೇಳಿಲ್ಲ. ಸಾಹುಕಾರರು ನೂಲು ಕೊಡುತ್ತಾರೆ, ಸೀರೆ ಒಯ್ಯುತ್ತಾರೆ, ಸೀರೆಗಿಷ್ಟು ಎಂದು ಮಜೂರಿ ಲೆಕ್ಕ ಹಾಕುತ್ತಾರೆ. ಆ ಲೆಕ್ಕದಲ್ಲಿ ಕಂಡಿಕಿಗೆ ಒಂದು ಸಾಲಿಲ್ಲ.

ಇಳಕಲ್ಲಿನ ಚರಿತ್ರೆ ಹೇಳುವ ಕರಪತ್ರಗಳು ಎಂಟನೆಯ ಶತಮಾನದಿಂದ ಆರಂಭಿಸುತ್ತವೆ. ಬಳ್ಳಾರಿ ಸುತ್ತಿನ ಪಾಳೆಯಗಾರರು ಆಶ್ರಯ ಕೊಟ್ಟರೆನ್ನುತ್ತವೆ. ಆಮೇಲೆ ಒಂದೇ ಜಿಗಿತಕ್ಕೆ ನಮ್ಮ ಕಾಲದ ಭೌಗೋಳಿಕ ಸೂಚಕದ ಮುದ್ರೆಗೆ ಬಂದು ನಿಲ್ಲುತ್ತವೆ. ನಡುವಿನ ಸಾವಿರ ವರ್ಷವನ್ನು ಯಾರು ನೇಯ್ದರೋ! ದೇವಾಂಗ, ಕುರುಹಿನಶೆಟ್ಟಿ, ಪಟ್ಟಸಾಲಿ, ಸ್ವಕುಳಸಾಳಿ ಮನೆತನಗಳು ಈ ಭಾಗದಲ್ಲಿ ಮಗ್ಗ ಹಿಡಿದು ಬದುಕಿದವು. ಹುನಗುಂದ ತಾಲ್ಲೂಕಿನ ಕಮತಗಿ, ಸೂಳೇಭಾವಿಗಳಲ್ಲೂ ಮಗ್ಗವಿತ್ತು. ಅತ್ತ ಗುಳೇದಗುಡ್ಡದವರು ಸೀರೆಗೆ ಜೊತೆಯಾಗುವ ಕುಪ್ಪಸದ ಖಣ ನೇಯ್ದರು. ಬಾಗಲಕೋಟೆ 1997ರಲ್ಲಿ ವಿಜಯಪುರದಿಂದ ಬೇರೆಯಾಗಿ ಜಿಲ್ಲೆಯಾಯಿತು. ಇಳಕಲ್ ಹುನಗುಂದದಿಂದ ಬೇರೆಯಾಗಿ ತಾಲ್ಲೂಕಾದದ್ದು ತೀರ ಇತ್ತೀಚೆಗೆ. ಇಷ್ಟು ಸಾಕು.

ಕೆಲಸದ ಸರಣಿ ಮಾತ್ರ ಸ್ವಲ್ಪ ಹೇಳಬೇಕು. ಏಕೆಂದರೆ ಎಷ್ಟು ಕೈ ಬೇಕು ಎಂಬುದು ಅಲ್ಲಿ ಗೊತ್ತಾಗುತ್ತದೆ. ಲಡಿ ಲಡಿಯಾಗಿ ಬಂದ ನೂಲನ್ನು ಬಣ್ಣಗಾರರು ಕಾದ ನೀರಿನಲ್ಲಿ ಅದ್ದಿ ಎತ್ತುತ್ತಾರೆ. ದಾಳಿಂಬ್ರಿ ಕೆಂಪು, ನವಿಲು ಹಸಿರು, ಗಿಳಿ ಹಸಿರು. ಮದುವಣಗಿತ್ತಿಗೆ ಗಿರಿ ಕುಂಕುಮ. ಬಣ್ಣದವರ ಮುಂಗೈ ನೋಡಿದರೆ ಆ ವಾರ ಯಾವ ಬಣ್ಣಕ್ಕೆ ಬೇಡಿಕೆಯಿತ್ತೆಂದು ತಿಳಿದೀತು. ಆಮೇಲೆ ಹಾಸು ಹೂಡುವುದು. ಹಿಂದೆ ನಸುಕಿನಲ್ಲಿ ಓಣಿಯುದ್ದಕ್ಕೂ ಹಾಸು ಎಳೆದು, ಗಂಜಿ ಸವರಿ, ಬಿಸಿಲೇರುವ ಮೊದಲೇ ಒಣಗಿಸುತ್ತಿದ್ದರಂತೆ. ಆ ಹೊತ್ತು ಓಣಿಯಲ್ಲಿ ಎತ್ತಿನ ಬಂಡಿ ಬಂದರೆ ಬಂಡಿಯೇ ತಡೆದು ನಿಲ್ಲಬೇಕಿತ್ತು ಎಂದು ಹಿರಿಯರೊಬ್ಬರು ಹೇಳಿದರು. ಹೊಸ ಹಾಸನ್ನು ಮಗ್ಗದಲ್ಲಿ ಉಳಿದಿರುವ ಹಳೆಯ ಎಳೆಗಳಿಗೆ ಕೆಚ್ಚಬೇಕು. ಬೆರಳಿಗೆ ಬೂದಿ ಸವರಿಕೊಂಡು ಎರಡು ಎಳೆ ಹೊಸೆದರೆ ಗಂಟಿಲ್ಲದೆ ಒಂದಾಗುತ್ತವೆ. ಇಳಕಲ್ಲಿನ ಕಷ್ಟವೆಂದರೆ ಟೋಪ ತೆನಿ ಬೇಕಾದರೆ ಒಂದು ಸೀರೆಗೆ ಒಂದೇ ಹಾಸು. ಬೇರೆ ಕಡೆಯಂತೆ ಹತ್ತಾರು ಸೀರೆಗಾಗುವಷ್ಟು ಹಾಸು ಒಮ್ಮೆಲೇ ಹೂಡಿ ನಿಶ್ಚಿಂತರಾಗುವಂತಿಲ್ಲ. ಪ್ರತಿ ಸೀರೆಗೂ ಮತ್ತೆ ಕೊಂಡಿ, ಮತ್ತೆ ಬೆರಳು.

ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು ನೇಯುವುದು ಇದೆಲ್ಲ ಆದ ಮೇಲಿನ ಮಾತು. ಅದರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ಚಿತ್ರ ತೆಗೆದಿದ್ದಾರೆ. ಚಿಕ್ಕಿ, ಗೋಮಿ, ಗಾಡಿ ದಡಿಗಳ ಅಂದವನ್ನು, ಸೆರಗಿನ ಕೆಂಪಿನೊಳಗೆ ಬಿಳಿಯಲ್ಲಿ ಮೂಡುವ ಕೋಟೆಯ ತೆನೆ, ಹಣಿಗೆಯ ಹಲ್ಲನ್ನು ನಾನು ಮತ್ತೆ ವರ್ಣಿಸುವುದಿಲ್ಲ. ಒಂದು ಸೀರೆಗೆ ಸುಮಾರು ಒಂದು ವಾರ ಬೇಕು, ನೇಯುವವನ ಹಿಂದೆ ಇನ್ನಿಬ್ಬರಾದರೂ ದುಡಿಯಬೇಕು ಎನ್ನುವುದು ಇಲ್ಲಿಯ ಲೆಕ್ಕ. ಆ ಇನ್ನಿಬ್ಬರು ಹೆಚ್ಚಾಗಿ ಹೆಂಡತಿ ಮತ್ತು ತಾಯಿ.

2019-20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿ ದೇಶದಲ್ಲಿ 35 ಲಕ್ಷಕ್ಕೂ ಹೆಚ್ಚು ಕೈಮಗ್ಗ ಕೆಲಸಗಾರರನ್ನು ಎಣಿಸಿತು. ಅವರಲ್ಲಿ ಶೇಕಡಾ 72ರಷ್ಟು ಹೆಂಗಸರು. ನೇಯುವವರು 26 ಲಕ್ಷ ದಾಟಿದರೆ, ಸುತ್ತುವ, ಹೂಡುವ, ಬಣ್ಣ ಹಾಕುವಂಥ ಪೂರಕ ಕೆಲಸದವರು ಸುಮಾರು ಎಂಟೂವರೆ ಲಕ್ಷ. ನನಗೆ ಈ ಕೊನೆಯ ಸಂಖ್ಯೆಯ ಮೇಲೆ ಅನುಮಾನ. ಮಗ್ಗದ ಹಿಂದೆ ಇಬ್ಬರು ಬೇಕೆಂದಾದರೆ ಪೂರಕ ಕೆಲಸದವರು ನೇಯುವವರಿಗಿಂತ ಕಡಿಮೆಯಾಗುವುದು ಹೇಗೆ? ಗಣತಿಯವರು ಬಾಗಿಲಿಗೆ ಬಂದು “ಯಾರ್‍ಯಾರು ಕೆಲಸ ಮಾಡತೀರಿ?” ಎಂದು ಕೇಳಿದರೆ ನಮ್ಮ ಅಜ್ಜಿ ಮಗನ ಕಡೆ ಕೈ ತೋರಿಸುವವರೇ.

ಈ ಜಿಲ್ಲೆಯಲ್ಲಿ ಕೆಲಸಗಾರನ ಹೆಸರಿಗೆ ಬೆಲೆ ಇರಲಿಲ್ಲವೆನ್ನಲಾಗದು. ಪಟ್ಟದಕಲ್ಲಿನಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿಯನ್ನು ಇಂದು ವಿರೂಪಾಕ್ಷ ಎನ್ನುತ್ತೇವೆ. ಅದರ ಶಾಸನದಲ್ಲಿ ಗುಂಡ ಅನಿವಾರಿತಾಚಾರಿ ಎಂಬ ಶಿಲ್ಪಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ಕೊಟ್ಟದ್ದು ಕೆತ್ತಿದೆ. ಎಂಟನೆಯ ಶತಮಾನದಲ್ಲಿ ಒಬ್ಬ ಕುಶಲಕರ್ಮಿಗೆ ಅರಸರು ಕೊಟ್ಟ ಈ ಮರ್ಯಾದೆ ಓದಿದಾಗಲೆಲ್ಲ ಖುಷಿಯಾಗುತ್ತದೆ. ಆದರೆ ಅನಿವಾರಿತಾಚಾರಿಯ ಉಳಿಗಳನ್ನು ದಿನಾ ಸಾಣೆ ಹಿಡಿದವರು ಯಾರು, ಕಲ್ಲು ಸೀಳುವವರಿಗೆ ಬುತ್ತಿ ಹೊತ್ತವರು ಯಾರು ಎಂದು ಯೋಚನೆಯೂ ಬರುತ್ತದೆ.

ಬುತ್ತಿ ಎಂದಾಗ ಬನಶಂಕರಿಗೆ ಹೋಗದೆ ಇರಲಾಗದು. ಬಾದಾಮಿಯಿಂದ ನಾಲ್ಕೈದು ಕಿಲೋಮೀಟರ್, ಚೊಳಚಗುಡ್ಡದ ಹತ್ತಿರ. ಬನಶಂಕರಿ ದೇವಾಂಗ ನೇಕಾರರ ಕುಲದೇವತೆ. ಬನದ ಹುಣ್ಣಿಮೆಯ ಜಾತ್ರೆಗೆ ಇಳಕಲ್, ಗುಳೇದಗುಡ್ಡದ ಮಂದಿ ಹರಿದು ಬರುತ್ತಾರೆ, ನಾಟಕ ಕಂಪನಿಗಳು ತಿಂಗಳೊಪ್ಪತ್ತು ಬಿಡಾರ ಹೂಡುತ್ತವೆ. ಜಾತ್ರೆ ಇರಲಿ ಬಿಡಲಿ, ಗುಡಿಯ ಮುಂದಿನ ಹೊಂಡದ ಸುತ್ತ ಬುಟ್ಟಿ ಇಳಿಸಿಕೊಂಡು ಕೂತ ಹೆಂಗಸರು ಇದ್ದೇ ಇರುತ್ತಾರೆ. ಬುಟ್ಟಿಯಲ್ಲಿ ಬಿಳಿ ಜೋಳದ ರೊಟ್ಟಿ, ಗಡಿಗೆಯಲ್ಲಿ ಕೆನೆಗಟ್ಟಿದ ಮೊಸರು, ಜುಣಕ, ಪುಂಡಿಪಲ್ಯ, ಶೇಂಗಾ ಹಿಂಡಿ, ಕೆಂಪು ಚಟ್ನಿ. ದೂರದಿಂದ ಬಂದವರು ಉಂಡು ಬಾಯಿ ಚಪ್ಪರಿಸಿ ಬಸ್ಸು ಹತ್ತುತ್ತಾರೆ. ಆ ರೊಟ್ಟಿಗಾಗಿ ಅವರು ಎಷ್ಟು ಹೊತ್ತಿಗೆ ಒಲೆ ಹಚ್ಚಿರಬೇಕು ಎಂದು ಕೇಳುವವರು ಕಡಿಮೆ. ಅವರಲ್ಲಿ ಹಲವರ ತಲೆಯ ಮೇಲೆ ಇಳಕಲ್ಲಿನದೇ ಸೆರಗು. ಊರಿಗೆಲ್ಲ ಉಣಿಸುವವರ ಸೆರಗಿಗೆ ಇನ್ನಾರೋ ಪಡಸಾಲೆಯಲ್ಲಿ ಕೂತು ಕಂಡಿಕಿ ಸುತ್ತಿದ್ದಾರೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಲ್ಲ.

ವಿದ್ಯುತ್ ಮಗ್ಗದ ಸೀರೆ ಬಂದ ಮೇಲೆ ಕೊಂಡಿಯ ಗೊಡವೆಯೇ ಇಲ್ಲ. ಒಂದೇ ಹಾಸಿನಲ್ಲಿ ಒಡಲು, ಸೆರಗು ಎರಡನ್ನೂ ತೆಗೆದು ಟೋಪ ತೆನಿಯಂತೆ ಕಾಣಿಸುತ್ತಾರೆ. ಕಡಿಮೆ ದುಡ್ಡಿಗೆ ಸಿಗುತ್ತದೆ; ಉಡುವವರನ್ನು ದೂರಿ ಫಲವಿಲ್ಲ. ಕೈಮಗ್ಗಕ್ಕೆಂದೇ ಕೆಲವು ಬಟ್ಟೆಗಳನ್ನು ಮೀಸಲಿಟ್ಟ ಕಾನೂನು 1985ರಿಂದ ಇದೆ. ಪೇಟೆಯ ಗಾಜಿನ ಕಪಾಟಿನಲ್ಲಿ ಅದು ಕಾಣುವುದಿಲ್ಲ. ಇಳಕಲ್ಲಿನ ನೇಕಾರರೊಬ್ಬರು ಇನ್ನೊಂದು ಮಾತು ಹೇಳಿದರು: ಬೇಡಿಕೆ ಬಂದರೂ ಕೆಲಸ ನಿಲ್ಲುತ್ತದೆ, ಯಾಕೆಂದರೆ ಕೊಂಡಿ ಹಾಕುವವರು, ಕಂಡಿಕಿ ಸುತ್ತುವವರು ಸಿಗುವುದಿಲ್ಲ. “ಮೊದಲ ಮನಿಯಾಗ ಐದಾರು ಮಂದಿ ಇರತಿದ್ರು. ಈಗ ನಾನ ಸುತ್ತಬೇಕು, ನಾನ ನೇಯಬೇಕು. ವಾರದ ಸೀರಿ ಹತ್ತ ದಿನಕ್ಕ ಹೋಗತೈತಿ.” ನೇಕಾರಿಕೆ ಉಳಿಸುವ ಯೋಜನೆಗಳೆಲ್ಲ ಮಗ್ಗ, ಮಗ್ಗದ ಮನೆ, ನೂಲಿನ ಸಬ್ಸಿಡಿ ಎಂದು ಮಾತಾಡುತ್ತವೆ. ರಾಟಿಯ ಮುಂದೆ ಕೂತವರಿಗೆ ಅವರದೇ ಹೆಸರಿನಲ್ಲಿ, ಅವರದೇ ಕೈಗೆ ಒಂದು ಮಜೂರಿ ಗೊತ್ತು ಮಾಡಿದ್ದರೆ ಮಗ್ಗ ಇಷ್ಟು ಬೇಗ ಬರಿದಾಗುತ್ತಿರಲಿಲ್ಲ ಎಂದು ನನ್ನ ಎಣಿಕೆ.

ಅಜ್ಜಿಗೆ ಒಬ್ಬ ಮೊಮ್ಮಗಳಿದ್ದಾಳೆ, ಬಾಗಲಕೋಟೆಯಲ್ಲಿ ನರ್ಸಿಂಗ್ ಓದುತ್ತಾಳೆ. ರಜೆಗೆ ಬಂದಾಗ ರಾಟಿ ಮುಟ್ಟುತ್ತಾಳೆಯೇ ಎಂದು ಕೇಳಿದೆ.

“ಮುಟ್ಟಾಕ ಬಿಡಂಗಿಲ್ಲ ನಾ. ನನ್ನ ಬೆನ್ನು ನೋಡ್ರಿ, ಹೆಂಗ ಬಾಗೈತಿ.”

ಆದರೆ ಇಂಥ ಸೀರೆ ಉಳಿಯಬೇಕಲ್ಲವೇ ಎಂದೆ. ಪೇಟೆಯಿಂದ ಬಂದವರು ಹೇಳುವ ಮಾತು.

“ಉಳೀಲಿ. ಯಾರ ಬ್ಯಾಡ ಅಂತಾರ? ಉಳೀಬೇಕಂದ್ರ ಇಲ್ಲಿ ಕುಂದ್ರಾಕ ಮಂದಿ ಬೇಕಲ್ಲ ತಮ್ಮಾ. ನಿಮ್ಮ ಮಗಳ್ನ ಕಳಸತೀರೇನು?”

ಒಳಗಿನಿಂದ ಮಗ ಕೂಗಿದ, ಕಂಡಿಕಿ ಮುಗಿದಿವೆ ಎಂದು. “ಬಂದ್ಯಾ” ಎನ್ನುತ್ತ ಅವರು ಸುತ್ತಿಟ್ಟ ನಾಲ್ಕನ್ನು ಉಡಿಯಲ್ಲಿ ಹಾಕಿಕೊಂಡು ಗೋಡೆ ಹಿಡಿದು ಎದ್ದರು.