ನೋಯದ ಕಾಲಿಗೂ ಒಬ್ಬ ವೈದ್ಯ

ಮಹಾಶಿವರಾತ್ರಿ ಹತ್ತಿರ ಬಂತೆಂದರೆ ಹಿರೀಸಾವೆಯ ಹೆದ್ದಾರಿಯಲ್ಲಿ ಧರ್ಮಸ್ಥಳದ ಪಾದಯಾತ್ರಿಗಳ ಸಾಲು ಶುರುವಾಗುತ್ತದೆ. ಬೆಂಗಳೂರು ಬಿಟ್ಟು ಕುಣಿಗಲ್, ಬೆಳ್ಳೂರು ಕ್ರಾಸ್ ದಾಟಿ ಇಲ್ಲಿಗೆ ಬರುವ ಹೊತ್ತಿಗೆ ನೂರು ಕಿಲೋಮೀಟರಿಗೂ ಹೆಚ್ಚು ನಡೆದಿರುತ್ತಾರೆ; ಚನ್ನರಾಯಪಟ್ಟಣ, ಹಾಸನ, ಬೇಲೂರು, ಚಾರ್ಮಾಡಿ ಘಾಟಿ ಇನ್ನೂ ಮುಂದಿರುತ್ತವೆ. ದಾರಿಬದಿಯಲ್ಲಿ ಪೆಂಡಾಲು ಹಾಕಿ ಮಜ್ಜಿಗೆ, ಊಟ ಕೊಡುವವರು ಪಕ್ಕದ ಮೇಜಿನ ಮೇಲೆ ಮುಲಾಮು, ಹತ್ತಿ, ಪಟ್ಟಿ, ನೋವಿನೆಣ್ಣೆಯನ್ನೂ ಇಟ್ಟಿರುತ್ತಾರೆ. ಯಾತ್ರಿಕರು ಅಲ್ಲಿ ಕೂತು, ಅಂಗಾಲು ಮೇಲೆ ಮಾಡಿ ಬೊಬ್ಬೆ ನೋಡಿಕೊಂಡು, ಇನ್ನೊಂದು ಹೆಜ್ಜೆ ಇಡೋಕಾಗಲ್ಲ ಎಂದು ಮುಖ ಹಿಂಡುತ್ತಾರೆ. ಪಾದದ ವೈದ್ಯರ ಲೆಕ್ಕದಲ್ಲಿ ಇವರು ಪುಣ್ಯವಂತರು. ನೋವು ಗೊತ್ತಾಗಿದೆ, ಕೂತಿದ್ದಾರೆ. ಅದೇ ಗುಂಪಿನಲ್ಲಿ ಹತ್ತು ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ ಇರುವ ಒಬ್ಬರು ಅಷ್ಟೇ ದೊಡ್ಡ ಬೊಬ್ಬೆ ಇಟ್ಟುಕೊಂಡು ಮಾತಾಡುತ್ತ ನಡೆದು ಹೋಗುತ್ತಿದ್ದರೆ, ವೈದ್ಯರಿಗೆ ದಿಗಿಲಾಗುವುದು ಅವರನ್ನು ಕಂಡು.

ಕಣ್ಣಿಗೆ, ಹಲ್ಲಿಗೆ, ಕಿವಿಗೆ ಬೇರೆ ಬೇರೆ ವೈದ್ಯರಿದ್ದಾರೆಂದು ಎಲ್ಲರಿಗೂ ಗೊತ್ತು. ಪಾದಕ್ಕೂ ಒಬ್ಬರಿರುತ್ತಾರೆ ಎಂದರೆ ನಮ್ಮ ಕಡೆ ಈಗಲೂ ನಗುವವರಿದ್ದಾರೆ. ಅಮೆರಿಕ, ಇಂಗ್ಲೆಂಡಿನಲ್ಲಿ ಪೊಡಿಯಾಟ್ರಿ ಎಂಬುದು ಪ್ರತ್ಯೇಕ ಓದು, ಪ್ರತ್ಯೇಕ ಪದವಿ. ಇಲ್ಲಿ ಜನರಲ್ ಸರ್ಜನ್ನರು, ಮೂಳೆ ವೈದ್ಯರು, ಸಕ್ಕರೆ ಕಾಯಿಲೆಯ ವೈದ್ಯರು ಆಮೇಲೆ ತರಬೇತಿ ಪಡೆದು ಈ ಕಡೆ ಬಂದವರೇ ಹೆಚ್ಚು. ಕರ್ನಾಟಕದ ಮಟ್ಟಿಗೆ ಸರ್ಕಾರಿ ವಲಯದಲ್ಲಿ ಮೊದಲು ಹೇಳಬೇಕಾದ ಹೆಸರು ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಆ್ಯಂಡ್ ರಿಸರ್ಚ್. ಹಿಂದೆ ಡಯಾಬಿಟಾಲಜಿ ಸಂಸ್ಥೆ ಎಂದು ಕರೆಯುತ್ತಿದ್ದ ಇಲ್ಲಿ ಪಾದಕ್ಕೇ ಒಂದು ವಿಭಾಗವಿದೆ. ಕಾಲಿನ ರಕ್ತನಾಳ ಕಟ್ಟಿಕೊಂಡವರನ್ನು ಭಗವಾನ್ ಮಹಾವೀರ್ ಜೈನ್ ಆಸ್ಪತ್ರೆಯ ರಕ್ತನಾಳ ವಿಭಾಗದಂಥ ಕಡೆ ಕಳಿಸುತ್ತಾರೆ.

ಪಾದದ ಒಪಿಡಿಯಲ್ಲಿ ಮೊದಲು ನೋಡುವುದು ಕಾಲನ್ನಲ್ಲ, ಚಪ್ಪಲಿಯನ್ನು. ಹವಾಯಿ ಚಪ್ಪಲಿ ಹಿಮ್ಮಡಿಯ ಒಂದೇ ಕಡೆ ಸವೆದಿದೆಯೇ, ಹೆಬ್ಬೆರಳ ಬುಡದಲ್ಲಿ ಗುಳಿ ಬಿದ್ದಿದೆಯೇ, ಅಟ್ಟೆಯಲ್ಲಿ ಮೊಳೆಯೋ ಜಾಲಿಮುಳ್ಳೋ ಮುರಿದು ಕೂತಿದೆಯೇ ಎಂದು ತಿರುಗಿಸಿ ನೋಡುತ್ತಾರೆ. ಮುಳ್ಳಿನ ತುದಿ ಅಟ್ಟೆ ತೂರಿ ಒಳಗೆ ಬಂದಿದ್ದರೂ ಅದನ್ನೇ ಹಾಕಿಕೊಂಡು ವಾರಗಟ್ಟಲೆ ಓಡಾಡಿದವರಿರುತ್ತಾರೆ. ಆಮೇಲೆ ಎರಡೂ ಪಾದ ಮೇಜಿನ ಮೇಲೆ. ಇಲ್ಲೊಂದು ಫಜೀತಿ. ಕಾಲು ಮುಟ್ಟಿಸಿಕೊಳ್ಳುವುದು ನಮ್ಮವರಿಗೆ ಬಲು ಸಂಕೋಚದ ವಿಷಯ. ಹಿರಿಯ ಹೆಂಗಸರಂತೂ “ಅಯ್ಯೋ ಸ್ವಾಮಿ, ನನ್ ಕಾಲ್ ಮುಟ್ಟಬ್ಯಾಡಿ” ಎಂದು ಸೀರೆ ಎಳೆದುಕೊಂಡು ಹಿಂದೆ ಸರಿಯುತ್ತಾರೆ. ಕಾಯಿಲೆ ಬೆಳೆಯುವುದಕ್ಕೆ ಈ ಸಂಕೋಚದ ಪಾಲೂ ದೊಡ್ಡದು.

ಬೆರಳ ಸಂದು, ಉಗುರಿನ ಮೂಲೆ, ಹಿಮ್ಮಡಿಯ ಬಿರುಕು, ಆಣಿ ಎಲ್ಲ ನೋಡಿಯಾದ ಮೇಲೆ ಒಂದು ಹಿಡಿಗೆ ಸಿಕ್ಕಿಸಿದ ನೈಲಾನ್ ಎಳೆ ಹೊರಬರುತ್ತದೆ. ಮಾನೋಫಿಲಮೆಂಟ್ ಎನ್ನುತ್ತಾರೆ. ಚರ್ಮಕ್ಕೆ ಒತ್ತಿದಾಗ ಸರಿಯಾಗಿ 10 ಗ್ರಾಂ ಒತ್ತಡಕ್ಕೆ ಬಾಗುವಂತೆ ಅದನ್ನು ಮಾಡಿರುತ್ತಾರೆ. ಕಣ್ಣು ಮುಚ್ಚಿಸಿ, ಅಂಗಾಲಿನ ಒಂದೊಂದೇ ಜಾಗಕ್ಕೆ ತಾಕಿಸಿ, ಗೊತ್ತಾದರೆ ಹೇಳಿ ಎನ್ನುತ್ತಾರೆ. ಎಳೆ ಬಾಗುತ್ತದೆ, ಮಲಗಿದವರು ಸುಮ್ಮನಿರುತ್ತಾರೆ. ಇನ್ನೊಂದು ಜಾಗ, ಮತ್ತೆ ಸುಮ್ಮನೆ. “ಯಾವಾಗ ಶುರು ಮಾಡ್ತೀರಾ?” ಎಂದು ಕೇಳುವವರೂ ಇದ್ದಾರೆ. ಅಷ್ಟರಲ್ಲಿ ಪರೀಕ್ಷೆ ಮುಗಿದಿರುತ್ತದೆ.

ನಂತರ ನಾಡಿ. ಪಾದದ ಮೇಲ್ಭಾಗದಲ್ಲಿ ಒಂದು, ಒಳಗಿಣ್ಣಿನ ಹಿಂದೆ ಒಂದು. ಬೆರಳಿಗೆ ಸಿಗದಿದ್ದರೆ ಡಾಪ್ಲರ್ ಇಟ್ಟು ರಕ್ತದ ಓಟ ಕೇಳುತ್ತಾರೆ. ಗಿಣ್ಣಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ಕಾಲಿಗೆ ರಕ್ತ ಸಾಲುತ್ತಿಲ್ಲ ಎಂದರ್ಥ. ಗಾಯ ಮಾಯುತ್ತದೋ ಇಲ್ಲವೋ ಎನ್ನುವುದರಲ್ಲಿ ಅರ್ಧ ಮಾತು ಇಲ್ಲೇ ತೀರ್ಮಾನವಾಗುತ್ತದೆ. ನರ ಸತ್ತರೂ ರಕ್ತ ಓಡುತ್ತಿರುವ ಕಾಲನ್ನು ಉಳಿಸಿಕೊಳ್ಳಬಹುದು. ರಕ್ತವೂ ಇಲ್ಲದಿದ್ದರೆ ಮೊದಲು ಆಂಜಿಯೋಪ್ಲಾಸ್ಟಿಯನ್ನೋ ಬೈಪಾಸನ್ನೋ ಮಾಡಿ ದಾರಿ ಬಿಡಿಸಬೇಕು, ಮಿಕ್ಕಿದ್ದೆಲ್ಲ ಆಮೇಲೆ.

ನರಗಳು ಪಾದದಲ್ಲೇ ಮೊದಲು ಸೋಲುವುದೇಕೆ ಎಂದರೆ, ಅಲ್ಲಿಗೆ ಹೋಗುವ ನರಗಳೇ ದೇಹದಲ್ಲಿ ಅತಿ ಉದ್ದ. ವರ್ಷಗಟ್ಟಲೆ ಏರಿದ ಸಕ್ಕರೆ ಮೊದಲು ಕಾಡುವುದು ಇಂಥ ಉದ್ದದ ನರಗಳ ತುದಿಯನ್ನು. ಶುರುವಿನಲ್ಲಿ ಉರಿ, ಜೋಮು. ಆಮೇಲೆ ಹತ್ತಿಯ ಮೇಲೆ ನಡೆದಂಗಾಗ್ತದೆ ಎನ್ನುತ್ತಾರೆ. ಅದೂ ದಾಟಿದರೆ ಚಪ್ಪಲಿ ಕಳಚಿ ಹಿಂದೆ ಉಳಿದದ್ದೂ ತಿಳಿಯದೆ ಮನೆ ಸೇರುತ್ತಾರೆ. ಬೆವರು ನಿಂತು ಹಿಮ್ಮಡಿ ಒಡೆಯುತ್ತದೆ. ಪಾದದ ಸಣ್ಣ ಸ್ನಾಯುಗಳು ಸೊರಗಿ ಬೆರಳು ಮುದುರುತ್ತವೆ, ಅಂಗಾಲಿನ ಮೂಳೆ ಕೆಳಕ್ಕೆ ಎದ್ದು ಕಾಣುತ್ತದೆ, ಅಲ್ಲಿಗೇ ಭಾರ ಬೀಳುತ್ತದೆ, ಚರ್ಮ ದಪ್ಪಗಾಗಿ ಆಣಿ ಕಟ್ಟುತ್ತದೆ. ಆಣಿಯ ಅಡಿಯಲ್ಲಿ ರಕ್ತ ಒಸರಿ ಹುಣ್ಣಾಗುತ್ತದೆ. ಇಷ್ಟೆಲ್ಲ ಒಂದೇ ಒಂದು ‘ಅಬ್ಬಾ’ ಇಲ್ಲದೆ ನಡೆದುಹೋಗುತ್ತದೆ.

2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಶೇ 11.4ರಷ್ಟು, ಅಂದರೆ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ಇದೆ. ರಾಗಿ ಮುದ್ದೆ ತಿನ್ನುವ, ತೋಟದಲ್ಲಿ ಮೈಮುರಿದು ದುಡಿಯುವ ನಮಗೆಲ್ಲಿಯ ಶುಗರ್ ಎಂಬ ಧೈರ್ಯ ಈಗ ಹಳ್ಳಿಗಳಲ್ಲೂ ಉಳಿದಿಲ್ಲ. ಆದರೆ ಕಾಲಿನ ಅಭ್ಯಾಸ ಹಳೆಯದೇ. ರಾಗಿ ಕೂಳೆಯ ಮೇಲೆ, ತೆಂಗಿನ ತೋಟದ ಕಸದ ಮೇಲೆ ಬರಿಗಾಲಲ್ಲಿ ನಡೆಯುತ್ತೇವೆ. ಮುಳ್ಳು ಮುರಿದರೆ ಎಕ್ಕದ ಹಾಲು ಬಿಡುತ್ತೇವೆ. ಆಣಿಯನ್ನು ಬ್ಲೇಡಿನಲ್ಲಿ ಹೆರೆಯುತ್ತೇವೆ. ಇಲ್ಲಿಂದ ಒಂದಿಷ್ಟು ದೂರದಲ್ಲೇ ಶ್ರವಣಬೆಳಗೊಳ. ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲನ್ನು ಬರಿಗಾಲಲ್ಲೇ ಹತ್ತಬೇಕು. ಏಪ್ರಿಲ್ ಮಧ್ಯಾಹ್ನದ ಬಂಡೆ ಸ್ಪರ್ಶವಿರುವ ಕಾಲನ್ನು ಕುಣಿಸುತ್ತದೆ, ಸ್ಪರ್ಶವಿಲ್ಲದ ಕಾಲನ್ನು ಸುಟ್ಟುಬಿಡುತ್ತದೆ. ಗೊಮ್ಮಟನ ದರ್ಶನ ಬೇಡವೆಂದು ಯಾವ ವೈದ್ಯರೂ ಹೇಳುವುದಿಲ್ಲ. ದಪ್ಪ ಕಾಲುಚೀಲ ಹಾಕಿಕೊಂಡು, ಬೆಳಗಿನ ತಂಪಿನಲ್ಲೇ ಹತ್ತಿಳಿದು, ಕೆಳಗೆ ಬಂದ ಮೇಲೆ ಅಂಗಾಲು ನೋಡಿಕೊಳ್ಳಿ ಎನ್ನುತ್ತಾರೆ. ಕೊಂಡ ಹಾಯುವ ವಿಷಯದಲ್ಲಿ ಮಾತ್ರ ಇಷ್ಟು ಸಡಿಲ ಕೊಡಲಾರರು.

ಇನ್ನು ಚಿಕಿತ್ಸೆ. ಹುಣ್ಣಿಗೆ ಯಾವ ಮುಲಾಮು ಒಳ್ಳೆಯದು ಎಂಬುದು ಎಲ್ಲರ ಮೊದಲ ಪ್ರಶ್ನೆ. ಸತ್ತ ಚರ್ಮ ಕತ್ತರಿಸಿ ತೆಗೆದು, ಸೋಂಕಿದ್ದರೆ ಆ್ಯಂಟಿಬಯಾಟಿಕ್ ಕೊಟ್ಟು, ಸಕ್ಕರೆ ಹತೋಟಿಗೆ ತಂದ ಮೇಲೆ ಮುಲಾಮಿನ ಪಾತ್ರ ಸಣ್ಣದು. ಅಂಗಾಲಿನ ಹುಣ್ಣಿಗೆ ದೊಡ್ಡ ಔಷಧಿ ಅದರ ಮೇಲೆ ಭಾರ ಹಾಕದಿರುವುದು. ತಿಂಗಳುಗಟ್ಟಲೆ ದಿನಾ ಡ್ರೆಸಿಂಗ್ ಮಾಡಿಸಿಕೊಂಡು, ಆ ಡ್ರೆಸಿಂಗಿಗೆಂದು ಅದೇ ಕಾಲಿನಲ್ಲಿ ಆಸ್ಪತ್ರೆಗೆ ನಡೆದು ಹೋಗಿ ಬರುವವರ ಗಾಯ ಮಾಯದಿರುವುದಕ್ಕೆ ಮುಲಾಮನ್ನು ಬೈದು ಫಲವಿಲ್ಲ.

ಭಾರ ಇಳಿಸುವ ಈ ವಿದ್ಯೆಗೆ ನಮ್ಮ ನೆಲದ ನಂಟಿದೆ. ಅಂಗಾಲಿನಿಂದ ಮೊಣಕಾಲ ಕೆಳಗಿನವರೆಗೆ ಕಾಲಿಗೆ ಅಂಟಿದಂತೆ ಕೂರುವ ಪ್ಲಾಸ್ಟರ್ ಹಾಕಿ, ಭಾರವನ್ನು ಹುಣ್ಣಿನಿಂದ ಇಡೀ ಕಾಲಿಗೆ ಹಂಚುವುದು ಈಗ ಜಗತ್ತಿನಾದ್ಯಂತ ಒಪ್ಪಿದ ಕ್ರಮ. ಇದನ್ನು 1930ರ ದಶಕದಲ್ಲಿ ಭಾರತದಲ್ಲಿ ಕುಷ್ಠರೋಗಿಗಳ ಅಂಗಾಲ ಹುಣ್ಣಿಗೆ ಬಳಸಿದವರು ಡಾ. ಜೋಸೆಫ್ ಖಾನ್. ಮುಂದಕ್ಕೆ ಒಯ್ದವರು ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿ, 1946ರಲ್ಲಿ ವೆಲ್ಲೂರಿಗೆ ಬಂದ ಡಾ. ಪಾಲ್ ಬ್ರ್ಯಾಂಡ್. ಕುಷ್ಠದಲ್ಲಿ ಕೈಕಾಲು ತಾನಾಗಿ ಕೊಳೆತು ಉದುರುತ್ತದೆ ಎಂದು ಎಲ್ಲರೂ ನಂಬಿದ್ದಾಗ, ನೋವು ತಿಳಿಯದ ಕೈಕಾಲು ದಿನನಿತ್ಯದ ಪೆಟ್ಟಿನಿಂದಲೇ ಹಾಳಾಗುತ್ತದೆ ಎಂದು ತೋರಿಸಿಕೊಟ್ಟವರು ಅವರು. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಕೆಲವರ ಬೆರಳ ತುದಿ ಇಲ್ಲವಾಗುತ್ತಿತ್ತು. ಕಾದು ನೋಡಿದರೆ ಇಲಿಗಳು ಕಚ್ಚುತ್ತಿದ್ದವು. ಮಲಗಿದವರಿಗೆ ಎಚ್ಚರವೇ ಆಗುತ್ತಿರಲಿಲ್ಲ. ಅಲ್ಲಿಂದ ಮುಂದೆ ಮನೆಗೆ ಹೋಗುವ ರೋಗಿಗೆ ಒಂದೊಂದು ಬೆಕ್ಕು ಕೊಟ್ಟು ಕಳಿಸುತ್ತಿದ್ದರಂತೆ. 1960ರ ದಶಕದಲ್ಲಿ ಬ್ರ್ಯಾಂಡ್ ಅಮೆರಿಕದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು. ಪ್ಲಾಸ್ಟರೂ ಜೊತೆಗೆ ಹೋಗಿ ಸಕ್ಕರೆ ಕಾಯಿಲೆಯವರ ಕಾಲಿಗೆ ಬಂತು. ಇವತ್ತು ಕೊಡುವ ಮೆತ್ತನೆಯ ಮೈಕ್ರೋಸೆಲ್ಯುಲರ್ (ಎಂಸಿಆರ್) ರಬ್ಬರಿನ ಚಪ್ಪಲಿಯೂ ಕುಷ್ಠರೋಗಿಗಳಿಗೆ ದಕ್ಷಿಣ ಭಾರತದಲ್ಲೇ ರೂಪುಗೊಂಡದ್ದು. ಕುಷ್ಠವೆಂದರೆ ಮುಖ ತಿರುಗಿಸುತ್ತಿದ್ದ ಸಮಾಜಕ್ಕೆ ಆ ರೋಗಿಗಳು ಎಷ್ಟು ದೊಡ್ಡ ಉಪಕಾರ ಮಾಡಿಹೋಗಿದ್ದಾರೆ ಎಂಬುದನ್ನು ಯಾರೂ ಹೇಳುವುದಿಲ್ಲ.

ಪ್ಲಾಸ್ಟರನ್ನು ವಾರಕ್ಕೊಮ್ಮೆಯೋ ಹತ್ತು ದಿನಕ್ಕೊಮ್ಮೆಯೋ ಬಿಚ್ಚಿ ಹೊಸದು ಹಾಕುತ್ತಾರೆ. ರಕ್ತದ ಓಟ ಚೆನ್ನಾಗಿದ್ದು ಸೋಂಕಿಲ್ಲದ ಹುಣ್ಣಾದರೆ ಹಲವರಿಗೆ ಎರಡು ತಿಂಗಳೊಳಗೆ ಕೂಡಿಕೊಳ್ಳುತ್ತದೆ. ರೋಗಿ ಬಿಚ್ಚಿಡಲಾಗದ್ದೇ ಇದರ ಗುಣ. ಬಿಚ್ಚಿಡಬಹುದಾದ ಬೂಟು ಕೊಟ್ಟರೆ ಅದು ಮನೆ ಬಾಗಿಲವರೆಗೆ ಮಾತ್ರ, ಒಳಗೆ ಬರಿಗಾಲು. ಹಟ್ಟಿಯೊಳಗೆ ಚಪ್ಪಲಿ ಮೆಟ್ಟುವುದೇ ಎಂದು ಅತ್ತೆ ಮಾವ ಗೊಣಗಿದರೆ, ಒಳಗೆ ಹಾಕಲೆಂದೇ ಇನ್ನೊಂದು ಜೊತೆ ಇಟ್ಟುಕೊಳ್ಳುವುದೊಂದೇ ದಾರಿ.

ಊತ ಬಂದ, ಮುಟ್ಟಿದರೆ ಬಿಸಿಯಾದ, ಕೆಂಪಗಿರುವ, ಆದರೆ ಅಷ್ಟಾಗಿ ನೋಯದ ಗಿಣ್ಣಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಸಕ್ಕರೆ ಕಾಯಿಲೆಯವರಲ್ಲಿ ಇದು ಶಾರ್ಕೊ ಪಾದವಿರಬಹುದು. ಒಳಗೆ ಮೂಳೆಗಳು ಸದ್ದಿಲ್ಲದೆ ಪುಡಿಯಾಗುತ್ತಿರುತ್ತವೆ. ಉಳುಕಿರಬೇಕೆಂದು ಉಳುಕು ತೆಗೆಯುವವರ ಬಳಿ ಎಣ್ಣೆ ಹಾಕಿ ನೀವಿಸಿದರೆ ಪಾದದ ಕಮಾನು ಕುಸಿದು ಶಾಶ್ವತವಾಗಿ ಸೊಟ್ಟಗಾಗುತ್ತದೆ. ಹೊತ್ತಿಗೆ ಸರಿಯಾಗಿ ಪ್ಲಾಸ್ಟರ್ ಹಾಕಿ ಕೆಲವು ತಿಂಗಳು ಭಾರ ತಪ್ಪಿಸಿದರೆ ಪಾದದ ಆಕಾರ ಉಳಿಯುತ್ತದೆ.

ನಿಜವಾದ ಉಳುಕಿಗೂ ನೀವುವ ಅವಸರ ಬೇಡ. ಗಿಣ್ಣಿನ ಯಾವುದಾದರೂ ಒಂದು ಬದಿಯ ಮೂಳೆಯನ್ನು ಒತ್ತಿದರೆ ಪ್ರಾಣ ಹೋಗುವ ನೋವು, ಅಥವಾ ನಾಲ್ಕು ಹೆಜ್ಜೆಯೂ ಇಡಲಾಗದ ಸ್ಥಿತಿ ಇದ್ದರೆ ಎಕ್ಸ್‌ರೇ ಬೇಕು. ಕೆನಡಾದ ಒಟ್ಟಾವದ ವೈದ್ಯರು 1992ರಲ್ಲಿ ಕೊಟ್ಟ ಈ ಸರಳ ನಿಯಮ ಇಂದಿಗೂ ನಡೆಯುತ್ತಿದೆ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆಗೆ ಹಿಮ್ಮಡಿ ಚುಚ್ಚುವುದು ಅಂಗಾಲಿನ ಪಟ್ಟಿಯ ಊತ. ಎಕ್ಸ್‌ರೇಯಲ್ಲಿ ಮೂಳೆ ಬೆಳೆದಿದೆ ಎಂದು ಕಂಡರೆ ಗಾಬರಿಯಾಗಬೇಕಿಲ್ಲ, ನೋವೇ ಇಲ್ಲದವರಲ್ಲೂ ಅದು ಕಾಣುತ್ತದೆ. ಮೀನಖಂಡ ಮತ್ತು ಅಂಗಾಲನ್ನು ದಿನಾ ಎಳೆಸುವ ವ್ಯಾಯಾಮ, ಮೆತ್ತನೆಯ ಹಿಮ್ಮಡಿಯ ಪಾದರಕ್ಷೆ, ತಾಳ್ಮೆ. ಹೆಚ್ಚಿನವರಿಗೆ ಇಷ್ಟರಲ್ಲೇ ವಾಸಿ.

ಹುಟ್ಟಿನಿಂದಲೇ ಪಾದ ಒಳಕ್ಕೆ ತಿರುಗಿದ ಮಕ್ಕಳನ್ನು ಗ್ರಹಣ ಹಿಡಿದದ್ದು ಎಂದು ಬಿಟ್ಟುಬಿಡುತ್ತಿದ್ದ ಕಾಲವಿತ್ತು. ಅಮೆರಿಕದ ಅಯೋವಾದಲ್ಲಿ ಇಗ್ನಾಸಿಯೊ ಪಾನ್ಸೆಟಿ ರೂಪಿಸಿದ ಕ್ರಮದಲ್ಲಿ ಎಳೆಗೂಸಿನ ಪಾದವನ್ನು ಮೆಲ್ಲಗೆ ತಿರುಗಿಸಿ ವಾರಕ್ಕೊಂದರಂತೆ ಐದಾರು ಪ್ಲಾಸ್ಟರ್ ಹಾಕುತ್ತಾರೆ. ಬಹುಪಾಲು ಮಕ್ಕಳಿಗೆ ಕೊನೆಯಲ್ಲಿ ಹಿಮ್ಮಡಿಯ ಸ್ನಾಯುರಜ್ಜುವಿಗೆ ಸಣ್ಣದೊಂದು ಕೊಯ್ತ, ಆಮೇಲೆ ಮೊದಲ ಕೆಲವು ತಿಂಗಳು ಹಗಲೂ ರಾತ್ರಿ, ಮುಂದೆ ನಾಲ್ಕು ವರ್ಷ ತುಂಬುವವರೆಗೆ ರಾತ್ರಿ ಹೊತ್ತು ಹಾಕುವ ಬೂಟು. ಸೋಲುವುದು ಹೆಚ್ಚಾಗಿ ಈ ಬೂಟಿನಲ್ಲೇ. ಮಗು ಅಳುತ್ತದೆಂದು ಅಜ್ಜಿ ಬಿಚ್ಚಿಹಾಕುತ್ತಾಳೆ, ಪಾದ ಮತ್ತೆ ತಿರುಗುತ್ತದೆ.

ಆನೆಕಾಲಿಗೆ ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯವರು ಮಾಡುತ್ತಿರುವ ಕೆಲಸಕ್ಕೆ ಹೊರದೇಶದ ವೈದ್ಯರ ಗಮನವೂ ಹರಿದಿದೆ. ಸೋಪಿನಲ್ಲಿ ತೊಳೆದು, ಬೆರಳ ಸಂದು ಬಿಡದೆ ಒರೆಸಿ, ಆಯುರ್ವೇದದ ಕಷಾಯದಲ್ಲಿ ಕಾಲು ನೆನೆಸಿ, ಯೋಗ ಮಾಡಿಸಿ, ಬಿಗಿಯಾಗಿ ಪಟ್ಟಿ ಸುತ್ತುತ್ತಾರೆ. ಕಾಲು ತೊಳೆಯುವುದನ್ನು ಒಂದು ಶಾಸ್ತ್ರದಂತೆ ಕಲಿಸುವ ಜಾಗ ಅದು.

ಹಿರೀಸಾವೆ ಕಡೆಯವರು ಹೋಗಬೇಕಾದದ್ದು ಎಲ್ಲಿಗೆ? ಮೊದಲು ಚನ್ನರಾಯಪಟ್ಟಣದ ತಾಲ್ಲೂಕು ಆಸ್ಪತ್ರೆ. ಹೆಚ್ಚಿನದಕ್ಕೆ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಹಿಮ್ಸ್), ಇಲ್ಲವೇ ಹೆದ್ದಾರಿಯಲ್ಲೇ ಬೆಂಗಳೂರು ಕಡೆಗೆ ಸಿಗುವ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಆಸ್ಪತ್ರೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಆದರೆ ನಮ್ಮಲ್ಲಿ ಶುಗರ್ ತಪಾಸಣೆ ಎಂದರೆ ಬೆರಳು ಚುಚ್ಚಿ, ಬಿಪಿ ನೋಡಿ, ಮಾತ್ರೆ ಬರೆದು ಕಳಿಸುವುದು ಎಂದಾಗಿಬಿಟ್ಟಿದೆ. ಚಪ್ಪಲಿ ಬಿಡಿ, ಕಾಲು ತೋರಿಸಿ ಎನ್ನುವವರು ಕಡಿಮೆ. ನೂರು ಜನ ಕಾದಿರುವ ಒಪಿಡಿಯಲ್ಲಿ ಅದಕ್ಕೆ ಪುರಸೊತ್ತೂ ಇಲ್ಲ, ಒಪ್ಪುತ್ತೇನೆ. ಅದಕ್ಕೇ ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆಯಾದರೂ ತಾವಾಗಿ ಬಾಯಿಬಿಟ್ಟು ಕೇಳಬೇಕು: ಡಾಕ್ಟರೇ, ನನ್ನ ಪಾದ ನೋಡಿ. ಹೋಗುವಾಗ ಪೇಟೆಗೆಂದು ತೆಗೆದಿಟ್ಟ ಹೊಸ ಚಪ್ಪಲಿ ಕಾಲಲ್ಲಿದ್ದರೆ ಇರಲಿ. ದಿನಾ ತೋಟಕ್ಕೆ ಮೆಟ್ಟುವ ಹಳೆಯ ಜೊತೆಯನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಅವರಿಗೆ ಬೇಕಾಗುವುದು ಅದು.